ಉಳಿಸಿಟ್ಟ ಯೀಸ್ಟಿಗೆ ‘ಹೆಪ್ಪು’ ಎನ್ನಬಹುದೇ?

ಪಶ್ಚಿಮ ನಾರ್ವೆಯ ವೊಸ್ ಸೀಮೆಯ ರೈತರು ಮನೆಯಲ್ಲಿ ಬಿಯರ್ ತಯಾರಿಸುವ ಬಗೆಯನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಿಯರ್ ಹುದುಗಿದ ಮೇಲೆ ಪಾತ್ರೆಯ ತಳದಲ್ಲಿ ನಿಲ್ಲುವ ಯೀಸ್ಟನ್ನು ಅವರು ಚೆಲ್ಲದೆ, ಜಾಡಿಯಲ್ಲಿ ತಣ್ಣಗಿಟ್ಟೋ ಒಣಗಿಸಿಯೋ ಮುಂದಿನ ಸಲಕ್ಕೆ ಬಳಸುತ್ತಾರೆ. ಹಿಂದೆ ಮರದ ಚೂರುಗಳನ್ನು ಜೋಡಿಸಿ ಮಾಡಿದ ಬಳೆಯನ್ನು ಯೀಸ್ಟಿನಲ್ಲಿ ಅದ್ದಿ, ತೂಗುಹಾಕಿ ಒಣಗಿಸುವುದೂ ಇತ್ತು. ತಮ್ಮದು ಕೆಟ್ಟರೆ ನೆರೆಯವರಿಂದ ತರುತ್ತಿದ್ದರು. ಹೀಗೆ ಉಳಿಸಿಟ್ಟ ಯೀಸ್ಟಿಗೆ ಅಲ್ಲಿಯ ಆಡುನುಡಿಯಲ್ಲಿ ‘ಕ್ವೈಕ್’ ಎನ್ನುತ್ತಾರೆ. ಹೊತ್ತಿಸು, ಜೀವ ತುಂಬು ಎಂಬರ್ಥದ, ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆ) ಕ್ರಿಯಾಪದಕ್ಕೂ ಈ ಹೆಸರಿಗೂ ನಂಟಿದೆ.

ಕನ್ನಡದಲ್ಲಿ ಮೊದಲು ನೆನಪಾದದ್ದು ‘ಕಿಣ್ವ’. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ, ಅರೆದ ಉದ್ದಿಗೆ ಅಕ್ಕಿಯನ್ನೂ ಮೋರಟ ಮೊದಲಾದ ಮೂಲಿಕೆಗಳನ್ನೂ ಸೇರಿಸಿ ಕಟ್ಟುವ, ಮದ್ಯ ಹುದುಗಿಸುವ ದ್ರವ್ಯಕ್ಕೇ ಈ ಹೆಸರು. ಆದರೆ ಇಂದಿನ ಪಠ್ಯಪುಸ್ತಕ ಓದಿದವರಿಗೆ ಕಿಣ್ವವೆಂದರೆ ಎನ್‌ಜೈಮ್, ಜೊಲ್ಲಿನಲ್ಲಿರುವ ಅಮೈಲೇಸ್‌ನಂಥದು. ತೊಡಕೆಂದರೆ, ಮೊಳಕೆ ಬರಿಸಿದ ಬಾರ್ಲಿಯ ಪಿಷ್ಟವನ್ನು ಸಕ್ಕರೆಯಾಗಿಸುವುದು ಈ ಅರ್ಥದ ಕಿಣ್ವ, ಆ ಸಕ್ಕರೆಯನ್ನು ಮದ್ಯಸಾರವಾಗಿಸುವುದು ಯೀಸ್ಟ್. ಎರಡೂ ಒಂದೇ ಪುಟದಲ್ಲಿ ಬರುವಾಗ ಒಂದೇ ಪದ ಬಳಸಿದರೆ ಓದುಗರು ದಾರಿ ತಪ್ಪುವುದು ಖಂಡಿತ.

ಹಾಗಾಗಿ ನನ್ನ ಒಲವು ‘ಹೆಪ್ಪು’ ಎಂಬುದರ ಕಡೆಗೆ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ. ಅದೂ ಇಲ್ಲದ ದಿನ ಬಟ್ಟಲು ಹಿಡಿದು ಪಕ್ಕದ ಮನೆಗೆ. ವೊಸ್‌ನ ರೂಢಿಗೆ ಇದಕ್ಕಿಂತ ಹತ್ತಿರದ್ದು ನಮ್ಮಲ್ಲಿಲ್ಲ. ಅಡ್ಡಿ ಒಂದೇ: ಹೆಪ್ಪು ಎಂದೊಡನೆ ಗಟ್ಟಿಯಾಗುವುದು ನೆನಪಾಗುತ್ತದೆ, ರಕ್ತವೂ ಹೆಪ್ಪುಗಟ್ಟುತ್ತದೆ, ಬಿಯರ್ ಮಾತ್ರ ನೀರಾಗಿಯೇ ಉಳಿಯುತ್ತದೆ. ‘ಹುದುಗು’ ಎನ್ನೋಣವೆಂದರೆ ಅಡಗಿಕೊಳ್ಳು ಎಂಬ ಅರ್ಥ ಇಣುಕುತ್ತದೆ. ‘ಹುದುಗನ್ನು ಜಾಡಿಯಲ್ಲಿ ಹುದುಗಿಸಿಡಿ’ ಎಂದು ಬರೆದು ನಾನೇ ನಕ್ಕು ಅಳಿಸಿದೆ.

ಇನ್ನೊಂದು ಸೂಕ್ಷ್ಮವಿದೆ. ಇಂದಿನ ಮನೆಬಿಯರ್ ತಯಾರಕರಲ್ಲಿ ಕೆಲವರು ತಳದಲ್ಲಿ ಉಳಿದದ್ದಕ್ಕೆ ಕುದಿಸಿ ಆರಿಸಿದ ನೀರು ಹಾಕಿ ಕಲಕಿ ಸ್ವಲ್ಪ ಹೊತ್ತು ಬಿಡುತ್ತಾರೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಚೂರು ಮೊದಲಾದ ಭಾರದ ಕಸ ಬೇಗ ತಳಕ್ಕಿಳಿಯುತ್ತದೆ. ಇನ್ನೂ ತೇಲುತ್ತಿರುವ ಕೆನೆಬಣ್ಣದ ಯೀಸ್ಟನ್ನು ಬೇರೆ ಜಾಡಿಗೆ ಬಗ್ಗಿಸಿಕೊಳ್ಳುತ್ತಾರೆ. ಕಲಕುವ ಮೊದಲಿನ ಮಿಶ್ರಣಕ್ಕೆ ‘ಗಸಿ’, ಬಗ್ಗಿಸಿಕೊಂಡದ್ದಕ್ಕೆ ‘ಹೆಪ್ಪು’ ಎಂದರೆ ಹೊಂದುವುದೇ? ಕರಾವಳಿಯವರಿಗೆ ಗಸಿ ಎಂದರೆ ಊಟದ ಪದಾರ್ಥವೆಂಬುದನ್ನು ಮರೆತಿಲ್ಲ. ಸೇಂದಿ ಇಳಿಸುವವರಲ್ಲಿ, ಹಳೆಯ ಮಡಕೆಯ ತಳದಲ್ಲಿ ಉಳಿದು ಹೊಸದನ್ನು ಹುಳಿಯಿಸುವ ಅಂಶಕ್ಕೆ ಬೇರೆಯೇ ಪದವಿದ್ದರೆ, ಯಾವ ಊರಿನ ಬಳಕೆ ಎಂಬುದರ ಜೊತೆ ತಿಳಿಸಬೇಕೆಂದು ಕೋರುತ್ತೇನೆ.