ಮಾನಸಿಕ ಆರೋಗ್ಯ ಸೇವೆಗೆ ಪ್ರಶಸ್ತಿ: ನಾಮನಿರ್ದೇಶನದ 'ಫಲಿತಾಂಶ' ಕಾಲಂನಲ್ಲಿ ಏನು ಬರೆಯಬೇಕು?

ಹೊಂಗೆನೆರಳು (ಪ್ರಶ್ನೆ)

ಸಮುದಾಯ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮವೊಂದನ್ನು ಪ್ರಶಸ್ತಿಯ ಸೇವಾ ವಿಭಾಗಕ್ಕೆ ನಾಮನಿರ್ದೇಶನ ಮಾಡಬೇಕಿದೆ. ಒಬ್ಬ ಮನೋವೈದ್ಯರು, ಇಬ್ಬರು ಆಪ್ತಸಮಾಲೋಚಕರು, ಆರು ಕ್ಷೇತ್ರ ಕಾರ್ಯಕರ್ತರು ಇರುವ ತಂಡ. ಫಾರ್ಮಿನಲ್ಲಿ ಕೇಳಿರುವುದು: ಕೆಲಸದ ವಿವರ 500 ಪದ, ಫಲಿತಾಂಶ 300 ಪದ, ಮೂರು ಶಿಫಾರಸು ಪತ್ರ, ಜೊತೆಗೆ 'ಒಬ್ಬ ಫಲಾನುಭವಿಯ ಕಥೆ, ಫೋಟೊ ಸಹಿತ'.

ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಿ: ಖಿನ್ನತೆಗೆಂದು ಸೇರಿದವರು 120. ಆರು ತಿಂಗಳು ಪೂರ್ತಿ ಬಂದವರು 78. ಅವರಲ್ಲಿ ಪಿಎಚ್‌ಕ್ಯೂ-9 (ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿ) ಅಂಕ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು 52.

1. 'ಶೇ 67 ಮಂದಿ ಚೇತರಿಸಿಕೊಂಡರು' ಎಂದು ಬರೆಯಬಹುದೇ?
2. 'ಎರಡು ವರ್ಷಗಳಲ್ಲಿ ಒಂದೂ ಆತ್ಮಹತ್ಯೆ ಇಲ್ಲ' ಅನ್ನುವ ಸಾಲು ಹಾಕಬಹುದೇ?
3. ಅರ್ಜಿ ಮನೋವೈದ್ಯರ ಹೆಸರಲ್ಲಿ ಹೋಗಬೇಕೋ, ತಂಡದ ಹೆಸರಲ್ಲೋ?

ಅಂಕಿಗಣ್ಣು

ಮೊದಲ ಎರಡಕ್ಕೆ ನನ್ನ ಉತ್ತರ: ಎರಡೂ ಬೇಡ.

52ನ್ನು 78ರಿಂದ ಭಾಗಿಸಿದರೆ 67 ಬರುತ್ತದೆ, ನಿಜ. ಆದರೆ ಬಾಗಿಲು ದಾಟಿ ಒಳಗೆ ಬಂದವರು 120. ಅದರಿಂದ ಭಾಗಿಸಿದರೆ ಶೇ 43. ತೀರ್ಪುಗಾರರಲ್ಲಿ ಸಂಶೋಧನೆ ಬಲ್ಲವರು ಒಬ್ಬರಿದ್ದರೂ ಸಾಕು, ಛೇದದಲ್ಲಿ ಯಾರಿದ್ದಾರೆ ಅಂತ ಮೊದಲು ನೋಡುತ್ತಾರೆ. 67 ಬರೆದು ಸಿಕ್ಕಿಬೀಳುವುದಕ್ಕಿಂತ 43 ಬರೆದು, ಉಳಿದ 42 ಜನ ಏನಾದರು ಎಂದು ಹೇಳುವುದು ವಾಸಿ. ಆ 42 ಮಂದಿಯನ್ನು ನಾಲ್ಕು ಗುಂಪು ಮಾಡಿ: ಊರು ಬಿಟ್ಟವರು, ಗುಣವಾಯಿತೆಂದು ತಾವೇ ನಿಲ್ಲಿಸಿದವರು, ಹೆಚ್ಚಿನ ಚಿಕಿತ್ಸೆಗೆ ಬೇರೆಡೆ ಕಳಿಸಿದವರು, ಪತ್ತೆಯೇ ಇಲ್ಲದವರು. ಕೊನೆಯ ಗುಂಪು ದೊಡ್ಡದಾಗಿದ್ದರೆ ಕಾರ್ಯಕ್ರಮದ ಓಟೆ ಅಲ್ಲೇ ಇದೆ. ಅದನ್ನು ಮುಚ್ಚಿಟ್ಟ ಅರ್ಜಿ ದಡ್ಡ ಅರ್ಜಿ.

ಎರಡನೆಯದು, 'ಚೇತರಿಕೆ' ಎಂಬ ಪದ. ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಕಳೆದ ಎರಡು ವಾರದ ಲಕ್ಷಣಗಳನ್ನಷ್ಟೇ ಅದು ಕೇಳುವುದು. ಅಂಕ ಅರ್ಧಕ್ಕೆ ಇಳಿದರೆ ಅದಕ್ಕೆ 'ಚಿಕಿತ್ಸೆಗೆ ಸ್ಪಂದನೆ' ಅನ್ನುತ್ತಾರೆ. 5ಕ್ಕಿಂತ ಕೆಳಗೆ ಬಂದರೆ 'ಉಪಶಮನ'. 24 ಇದ್ದವರು 12ಕ್ಕೆ ಇಳಿದರೆ ಸ್ಪಂದನೆ ಹೌದು, ಆದರೆ 10ರ ಗೆರೆಯ ಮೇಲೆಯೇ ಇದ್ದಾರೆ, ಅಂದರೆ ಮಧ್ಯಮ ಮಟ್ಟದ ಖಿನ್ನತೆ ಇನ್ನೂ ಇದೆ. ಚೇತರಿಕೆ ಎಂಬುದು ಮೂರನೆಯ ಮಾತು: ಕೆಲಸಕ್ಕೆ ಹೋಗುವುದು, ಮನೆಯವರ ಜೊತೆ ಬೆರೆಯುವುದು, ತನ್ನ ತೀರ್ಮಾನ ತಾನೇ ಮಾಡುವುದು. ಅದನ್ನು ಹೇಳಬೇಕಿದ್ದರೆ ದಿನನಿತ್ಯದ ಬದುಕು ಎಷ್ಟು ನಡೆಯುತ್ತಿದೆ ಎಂದು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ವ್ಹೂಡಾಸ್ 2.0ರ 12 ಪ್ರಶ್ನೆಗಳ ಆವೃತ್ತಿಯಂಥದ್ದು ಬೇಕು. ಅಳೆಯದೇ ಇದ್ದರೆ ಆ ಪದವನ್ನೇ ಮುಟ್ಟಬೇಡಿ.

ಆರಂಭದ ಅಂಕವೂ ಮುಖ್ಯ. 6 ಇದ್ದವರು 3ಕ್ಕೆ ಬಂದರೂ 'ಅರ್ಧ'ವೇ. ಆ 120ರಲ್ಲಿ ಶುರುವಿಗೆ 10 ಅಥವಾ ಹೆಚ್ಚು ಇದ್ದವರು ಎಷ್ಟು ಎಂದು ಒಂದು ಸಾಲು ಇರಲಿ. ಇನ್ನೊಂದು ಮಾತು: ಜನ ಸಹಾಯ ಕೇಳಿ ಬರುವುದು ಅತಿ ಕೆಟ್ಟ ವಾರದಲ್ಲಿ. ಏನೂ ಮಾಡದಿದ್ದರೂ ಅಂಕ ಸ್ವಲ್ಪ ಇಳಿಯುತ್ತದೆ. ಹೋಲಿಕೆಯ ಗುಂಪು (ನಿಮ್ಮ ಸೇವೆ ಪಡೆಯದೆ, ಅಂಕ ಮಾತ್ರ ಅಳೆದವರು) ಇರಲಿಲ್ಲವಾದರೆ ಇರಲಿಲ್ಲ ಎಂದು ನೇರವಾಗಿ ಬರೆಯಿರಿ. ಯಾವ ತೀರ್ಪುಗಾರರೂ ಅದಕ್ಕೆ ಅಂಕ ಕಳೆಯುವುದಿಲ್ಲ. ಇದ್ದಂತೆ ನಟಿಸಿದರೆ ಕಳೆಯುತ್ತಾರೆ.

ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಂಡವರು ಯಾರು? ಸಮಾಲೋಚಕರೇ ಆಗಿದ್ದರೆ 'ನಿಮ್ಮಿಂದ ಚೆನ್ನಾಗಿದ್ದೇನೆ' ಎಂಬ ದಾಕ್ಷಿಣ್ಯಕ್ಕೇ ಎರಡು ಮೂರು ಅಂಕ ಇಳಿದುಬಿಡಬಹುದು. ಬೇರೆಯವರು ಕೇಳಿದ್ದರೆ ಅದನ್ನು ಖಂಡಿತ ನಮೂದಿಸಿ, ಅದು ನಿಮ್ಮ ಬಲ.

(ಇಲ್ಲಿ ಖಿನ್ನತೆಯ ಮಾತು, ಆದರೂ ಸ್ಕಿಜೋಫ್ರೇನಿಯಾ ಕಾರ್ಯಕ್ರಮದವರು ಓದುತ್ತಿದ್ದರೆ: ಆ ಕಾಯಿಲೆಯ ಲಕ್ಷಣ ಅಳೆಯುವ ಪ್ಯಾನ್ಸ್ ಮಾಪನದಲ್ಲಿ 30 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 7. ಅಂದರೆ ಕನಿಷ್ಠ ಅಂಕ 30, ಸೊನ್ನೆಯಲ್ಲ. 90ರಿಂದ 60ಕ್ಕೆ ಇಳಿದರೆ ಶೇ 33 ಅಲ್ಲ. ಎರಡರಿಂದಲೂ 30 ಕಳೆದರೆ 60ರಿಂದ 30, ಅಂದರೆ ಶೇ 50. ಇಲ್ಲಿ ತಪ್ಪಿದರೆ ನಿಮ್ಮ ಕೆಲಸವನ್ನು ನೀವೇ ಚಿಕ್ಕದು ಮಾಡಿಕೊಂಡಂತೆ.)

ಆತ್ಮಹತ್ಯೆ ಇಲ್ಲ ಎಂಬ ಸಾಲಿನ ಬಗ್ಗೆ. ಅಪರೂಪದ ಘಟನೆಗೆ 'ಮೂರರ ನಿಯಮ' ಇದೆ: n ಜನರಲ್ಲಿ ಒಂದೂ ಆಗಿಲ್ಲವೆಂದರೆ, ನಿಜವಾದ ಪ್ರಮಾಣ 3/nವರೆಗೂ ಇರಬಹುದು, ಶೇ 95ರ ವಿಶ್ವಾಸದಲ್ಲಿ. ನಿಮಗೆ 3/120, ಅಂದರೆ ಶೇ 2.5. ಈ ಸೊನ್ನೆ ಏನನ್ನೂ ಸಾಬೀತು ಮಾಡುವುದಿಲ್ಲ. ಅದರ ಮೇಲೆ, ಪತ್ತೆ ಇಲ್ಲದವರ ಬಗ್ಗೆ ನಿಮಗೆ ಗೊತ್ತಿರುವುದಾದರೂ ಹೇಗೆ? ಬದಲಿಗೆ ನೀವು ಮಾಡಿದ್ದನ್ನು ಎಣಿಸಿ. ಒಂಬತ್ತನೇ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಕೊಟ್ಟವರು ಎಷ್ಟು, ಅದೇ ದಿನ ಅಪಾಯದ ಅಂದಾಜು ನಡೆದದ್ದು ಎಷ್ಟು ಮಂದಿಗೆ, ಸುರಕ್ಷತಾ ಯೋಜನೆ ಬರೆದದ್ದು ಎಷ್ಟು ಮಂದಿಗೆ, ಏಳು ದಿನದೊಳಗೆ ಮತ್ತೆ ಮಾತಾಡಿಸಿದ್ದು ಎಷ್ಟು ಮಂದಿಯನ್ನು. ಈ ನಾಲ್ಕು ಸಂಖ್ಯೆ ಇರುವ ಅರ್ಜಿ ಬಹಳ ಅಪರೂಪ.

ಮಸುಕುಗಾಜು

ಫಾರ್ಮಿನ ನಾಲ್ಕನೇ ಭಾಗದ, ಅಂದರೆ ಫಲಾನುಭವಿಯ ಕಥೆಯ ಬಗ್ಗೆ ನೀವು ಏನೂ ಕೇಳಿಲ್ಲ. ನನ್ನ ಪ್ರಕಾರ ಅಪಾಯ ಇರುವುದು ಅಲ್ಲೇ.

ಚಿಕಿತ್ಸೆ ಪಡೆಯುತ್ತಿರುವವರ ಹತ್ತಿರ ಅವರ ಸಮಾಲೋಚಕರೇ ಹೋಗಿ 'ನಿಮ್ಮ ಕಥೆ ಕೊಡ್ತೀರಾ' ಎಂದು ಕೇಳಿದರೆ, ಬರುವ 'ಹೂಂ'ಗೆ ಬೆಲೆಯಿಲ್ಲ. ಇಲ್ಲವೆಂದರೆ ಚಿಕಿತ್ಸೆ ಕೆಟ್ಟೀತು ಎಂಬ ಅಳುಕು ಅವರಿಗೆ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ನೀತಿಸಂಹಿತೆಯ 5.05ನೇ ವಿಧಿ, ಸದ್ಯ ಚಿಕಿತ್ಸೆಯಲ್ಲಿರುವವರಿಂದ ಪ್ರಶಂಸೆಯ ಹೇಳಿಕೆ ಕೇಳಬಾರದು ಎನ್ನುವುದು ಇದೇ ಕಾರಣಕ್ಕೆ. ಚಿಕಿತ್ಸೆ ಮುಗಿಸಿದವರನ್ನೇ ಆರಿಸಿ, ಕೇಳುವವರು ಚಿಕಿತ್ಸಾ ತಂಡದ ಹೊರಗಿನವರಾಗಿರಲಿ.

ಒಪ್ಪಿಗೆ ಪತ್ರ ಒಂದೇ ಸಾಲದು, ಬಳಕೆಗೊಂದು ಟಿಕ್ ಇರಲಿ: ತೀರ್ಪುಗಾರರು ಮಾತ್ರ ಓದುವುದು, ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವುದು, ಜಾಲತಾಣ, ಸಮಾರಂಭದ ವೀಡಿಯೊ, ಪತ್ರಿಕಾ ಪ್ರಕಟಣೆ. ತೀರ್ಪುಗಾರರಿಗೆ ಒಪ್ಪಿದವರೆಲ್ಲ ವೇದಿಕೆಯ ದೊಡ್ಡ ಪರದೆಗೂ ಒಪ್ಪಿದ್ದಾರೆ ಎಂದಲ್ಲ. ಯಾವ ತಾರೀಕಿನವರೆಗೆ ಹಿಂದೆ ಪಡೆಯಬಹುದು ಎಂಬುದೂ ಬರೆದಿರಲಿ. ಅಚ್ಚಾದ ಮೇಲೆ, ಜಾಲದಲ್ಲಿ ಹರಡಿದ ಮೇಲೆ ಪೂರ್ತಿ ಹಿಂದೆ ಪಡೆಯಲು ಆಗದು ಎಂಬುದನ್ನು ಬಾಯಲ್ಲಿ ಹೇಳಿ, ಅರ್ಥವಾಯಿತೇ ಎಂದು ಅವರ ಮಾತಿನಲ್ಲೇ ಹೇಳಿಸಿ.

'ಹೆಸರು ಬದಲಿಸಲಾಗಿದೆ' ಎನ್ನುವುದರಿಂದ ಏನೂ ಬದಲಾಗುವುದಿಲ್ಲ. '34 ವರ್ಷದ ಅಂಗನವಾಡಿ ಶಿಕ್ಷಕಿ, ಅವಳಿ ಮಕ್ಕಳ ತಾಯಿ' ಎಂದರೆ ಆ ಸುತ್ತಿನವರಿಗೆ ಹೆಸರೇ ಬೇಡ. ವಯಸ್ಸು, ಕಸುಬು, ಕುಟುಂಬ, ಸ್ಥಳ, ಘಟನೆಯ ತಿಂಗಳು: ಈ ಐದರಲ್ಲಿ ಎರಡಕ್ಕಿಂತ ಹೆಚ್ಚು ನಿಜವಾದದ್ದು ಉಳಿಯದಿರಲಿ. ಫೋಟೊ ಕಡ್ಡಾಯವೇ ಎಂದು ಆಯೋಜಕರಿಗೆ ಒಂದು ಮಿಂಚಂಚೆ ಹಾಕಿ. ಬಹಳ ಸಲ ಎಲ್ಲ ವಿಭಾಗಗಳಿಗೂ ಒಂದೇ ಫಾರ್ಮು ಇರುತ್ತದೆ, ಕೇಳಿದರೆ ಬಿಡುತ್ತಾರೆ. ಬಿಡದಿದ್ದರೆ ಕೈಗಳ ಚಿತ್ರ, ಖಾಲಿ ಕೋಣೆಯ ಚಿತ್ರ ಹಾಕಿ. ಮೊಬೈಲಿನ ಫೋಟೊದೊಳಗೆ ಸ್ಥಳದ ಗುರುತು ಅಡಗಿರುತ್ತದೆ, ತೆಗೆದು ಕಳಿಸಿ. ಗೋಡೆಯ ಮೇಲಿನ ಬೋರ್ಡು, ಮೇಜಿನ ಮೇಲಿನ ಕಡತದ ಹೆಸರುಪಟ್ಟಿ ಕಾಣದಂತೆ ಅಂಚು ಕತ್ತರಿಸಿ.

ಭಾಷೆಯ ಕಡೆಯೂ ಒಂದು ಕಣ್ಣಿರಲಿ. 'ಸ್ಕಿಜೋಫ್ರೇನಿಕ್' ಅಲ್ಲ, 'ಸ್ಕಿಜೋಫ್ರೇನಿಯಾ ಇರುವ ವ್ಯಕ್ತಿ'. 'ಕತ್ತಲಿನಿಂದ ಬೆಳಕಿಗೆ' ಮಾದರಿಯ ಕಥೆ ತೀರ್ಪುಗಾರರ ಮೇಜಿಗೆ ರಾಶಿ ಬಂದಿರುತ್ತದೆ. ಔಷಧಿ ಬಿಟ್ಟಾಗ ಏನಾಯಿತು, ಮೂರನೇ ಭೇಟಿಗೆ ಯಾಕೆ ಬರಲಿಲ್ಲ, ಮತ್ತೆ ಯಾರು ಹೋಗಿ ಮಾತಾಡಿಸಿದರು ಎಂದು ಬರೆದರೆ ನಿಮ್ಮ ಕಾರ್ಯಕರ್ತರ ಕೆಲಸ ಕಾಣುತ್ತದೆ.

ಹಳೇಕಡತ

ಮೂರನೇ ಪ್ರಶ್ನೆಗೆ: ತಂಡದ ಹೆಸರಲ್ಲಿ. ನಿಯಮದಲ್ಲಿ ವ್ಯಕ್ತಿಗೇ ಕೊಡುವುದು ಎಂದಿದ್ದರೆ ಮಾತ್ರ ಒಬ್ಬರ ಹೆಸರು, ಆಗಲೂ ಯಾರು ಏನು ಮಾಡಿದರು ಎಂಬುದನ್ನು ತಂಡವೆಲ್ಲ ಓದಿ ಸಹಿ ಹಾಕಿದ ಅರ್ಧ ಪುಟ ಕಡತದಲ್ಲಿರಲಿ.

ಇದು ಸುಮ್ಮನೆ ಸೌಜನ್ಯದ ಮಾತಲ್ಲ. ಈ ಕ್ಷೇತ್ರದ ದೊಡ್ಡ ಪ್ರಶಸ್ತಿಗಳೇ ಇಲ್ಲಿ ಎಡವಿವೆ. ಕ್ಲೋರ್‌ಪ್ರೊಮಜೈನ್ ಔಷಧವನ್ನು ಮನೋರೋಗಕ್ಕೆ ಬಳಸಿ ತೋರಿಸಿದ್ದು 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್. 1957ರ ಲಾಸ್ಕರ್ ಪ್ರಶಸ್ತಿ (ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿ) ಹಂಚಿಕೆಯಲ್ಲಿ ಡೆನಿಕರ್ ಜೊತೆ ಇದೇ ಔಷಧದ ಮೇಲೆ ಬೇರೆಡೆ ಕೆಲಸ ಮಾಡಿದ ಲಬೋರಿ, ಲೇಮನ್ ಇದ್ದರು, ವಿಭಾಗದ ಮುಖ್ಯಸ್ಥ ಡಿಲೇ ಇರಲಿಲ್ಲ. ಆ ಕಹಿ ಬಹುಕಾಲ ಉಳಿಯಿತು. ಈಗ ವಿಶ್ವ ಮನೋವೈದ್ಯಕೀಯ ಸಂಘ ಕೊಡುವ ಪ್ರಶಸ್ತಿಯೊಂದಕ್ಕೆ ಜೀನ್ ಡಿಲೇ ಹೆಸರೇ ಇದೆ! 1964ರಲ್ಲಿ ಖಿನ್ನತೆಯ ಔಷಧದ ಕೆಲಸಕ್ಕೆ ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ಒಬ್ಬರಿಗೇ ಲಾಸ್ಕರ್ ಬಂದಾಗ ಸಹೋದ್ಯೋಗಿ ಸಾಂಡರ್ಸ್ ತನ್ನ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು.

ಅಂಕಿಗಣ್ಣು ಅವರ ಮಾತಿಗೆ ಒಂದು ಸೇರಿಸುತ್ತೇನೆ: ಎಷ್ಟು ಕಾಲ ಗಮನಿಸಿದಿರಿ ಎಂಬುದನ್ನು ಮೊದಲ ಎರಡು ಸಾಲಲ್ಲೇ ಹೇಳಿ. ಪೋರ್ಚುಗಲ್‌ನ ನರವೈದ್ಯ ಎಗಾಸ್ ಮೋನಿಜ್ ಮನೋರೋಗಕ್ಕೆಂದು ಮೆದುಳಿನ ಮುಂಭಾಗದ ತಂತು ಕತ್ತರಿಸುವ ಶಸ್ತ್ರಕ್ರಿಯೆ ಶುರು ಮಾಡಿದ್ದು 1935ರ ನವೆಂಬರಿನಲ್ಲಿ. ಮೊದಲ 20 ರೋಗಿಗಳ ಫಲಿತಾಂಶ 1936ರಲ್ಲೇ ಅಚ್ಚಾಯಿತು. ಗಮನಿಸಿದ ಅವಧಿ ತೀರಾ ಚಿಕ್ಕದು. 1949ರಲ್ಲಿ ನೊಬೆಲ್ ಬಂತು, ಕ್ಲೋರ್‌ಪ್ರೊಮಜೈನ್ ಬರಲು ಇನ್ನು ಮೂರೇ ವರ್ಷ ಬಾಕಿ ಇತ್ತು. ಆ ಶಸ್ತ್ರಕ್ರಿಯೆ ಮೂಲೆ ಸೇರಿತು, ಪ್ರಶಸ್ತಿ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿದೆ. ಇದಕ್ಕೆ ಎದುರಾಗಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ನೋಡಿ. ಅರಿವಿನ ಚಿಕಿತ್ಸೆಯನ್ನು (ಯೋಚಿಸುವ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆ) ರೂಪಿಸಿದ್ದು 1960ರ ದಶಕದಲ್ಲಿ, ಲಾಸ್ಕರ್ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಬೇರೆಯವರೂ ಪರೀಕ್ಷಿಸಿ ನೋಡಿಯಾಗಿತ್ತು.

ಶಿಫಾರಸು ಪತ್ರ: ಮೂರೂ ಒಂದೇ ಹಾಡು ಹಾಡಬಾರದು. ಒಂದು ಚಿಕಿತ್ಸೆಯ ಗುಣಮಟ್ಟ ಬಲ್ಲ ಹೊರಗಿನ ತಜ್ಞರದು, ಇನ್ನೊಂದು ನಿಮ್ಮ ಜೊತೆ ಕೆಲಸ ಮಾಡುವ ಶಾಲೆಯದೋ ಪ್ರಾಥಮಿಕ ಆರೋಗ್ಯ ಕೇಂದ್ರದ್ದೋ, ಮೂರನೆಯದು ಆರೈಕೆದಾರರ ಅಥವಾ ಕಾಯಿಲೆಯ ಅನುಭವವಿರುವವರ ಸಂಘಟನೆಯದು. ನೀವೇ ಕರಡು ಬರೆದುಕೊಟ್ಟರೆ ಮೂರರಲ್ಲೂ ಅದೇ ವಿಶೇಷಣ ಇಣುಕಿ ಸಿಕ್ಕಿಬೀಳುತ್ತದೆ. ಕರಡಿನ ಬದಲು ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕಳಿಸಿ, ಸಾಕು.

ಅರ್ಜಿ ಹಾಕುವ ಮುಂಚೆ ಪ್ರಶಸ್ತಿಯನ್ನೂ ತೂಗಿ ನೋಡಿ. ಮಾನದಂಡ ಮತ್ತು ತೀರ್ಪುಗಾರರ ಹೆಸರು ಬಹಿರಂಗವಾಗಿವೆಯೇ? ಪ್ರಾಯೋಜಕರು ಔಷಧ ಕಂಪನಿಯಾದರೆ ಆಯ್ಕೆಯಲ್ಲಿ ಅವರಿಗೆ ಮತ ಇದೆಯೇ? ಕೇಳದೆಯೇ 'ನೀವು ಆಯ್ಕೆಯಾಗಿದ್ದೀರಿ' ಎಂಬ ಪತ್ರ ಬಂದು, ಆಮೇಲೆ ಫಲಕಕ್ಕೆ, ಊಟದ ಮೇಜಿಗೆ, ಪ್ರಚಾರದ ಪ್ಯಾಕೇಜಿಗೆ ದುಡ್ಡು ಕೇಳಿದರೆ ಅದು ಪ್ರಶಸ್ತಿಯಲ್ಲ, ವ್ಯಾಪಾರ.

ಹೊಂಗೆನೆರಳು

42 ಮಂದಿಯ ಗುಂಪು: ಊರು ಬಿಟ್ಟವರು 14, ತಾವೇ ನಿಲ್ಲಿಸಿದವರು 11, ಬೇರೆಡೆ ಕಳಿಸಿದವರು 6, ಪತ್ತೆ ಇಲ್ಲ 11. ಅಂಕ 5ಕ್ಕಿಂತ ಕೆಳಗಿರುವವರು 31. ಶುರುವಿಗೆ ಎಲ್ಲರದೂ 10 ಅಥವಾ ಮೇಲೆ. ಇದನ್ನು ಹೇಗೆ ಜೋಡಿಸುವುದು? ಇನ್ನೊಂದು: ಕಥೆಗೆ ಒಪ್ಪಿದವರಿಗೆ ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕು?

ಮಸುಕುಗಾಜು

ಕಥೆ ವಾಪಸ್ ತೆಗೆಯಿರಿ, ಅವರನ್ನು ಕೇಳುತ್ತಾ ಕೂರಬೇಡಿ. ಹಳೆಯ ಒಪ್ಪಿಗೆ ಸುಸ್ಥಿತಿಯಲ್ಲಿದ್ದಾಗ ಕೊಟ್ಟದ್ದು. ಆರಾಮಾದ ಮೇಲೆ, ಅವರಾಗಿಯೇ ಬಯಸಿದರೆ, ಮುಂದಿನ ಸಲ ನೋಡಬಹುದು. ಅರ್ಜಿ ಆಗಲೇ ಹೋಗಿದ್ದರೆ ಆ ಪುಟ ತೆಗೆಯಿರಿ ಎಂದು ಆಯೋಜಕರಿಗೆ ಬರೆಯಿರಿ, ಕಾರಣ ಹೇಳಬೇಡಿ.

ಅಂಕಿಗಣ್ಣು

ಹೀಗೆ ಜೋಡಿಸಿ, ಮಿಕ್ಕ ಪದಗಳು ಒಂಬತ್ತನೇ ಪ್ರಶ್ನೆಯ ನಾಲ್ಕು ಸಂಖ್ಯೆಗೆ ಇರಲಿ:

'ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಹೆಚ್ಚು ಅಂಕವಿದ್ದ 120 ಮಂದಿ ಸೇರಿದರು. ಆರು ತಿಂಗಳಿಗೆ 78 ಮಂದಿಯನ್ನು ಮರಳಿ ಅಳೆಯಲಾಯಿತು. ಸೇರಿದ ಎಲ್ಲರ ಲೆಕ್ಕದಲ್ಲಿ 52 ಮಂದಿಗೆ (ಶೇ 43) ಅಂಕ ಅರ್ಧ ಅಥವಾ ಹೆಚ್ಚು ಇಳಿದಿದೆ, 31 ಮಂದಿ (ಶೇ 26) 5ಕ್ಕಿಂತ ಕೆಳಗಿದ್ದಾರೆ. ಅಳೆಯಲಾಗದ 42ರಲ್ಲಿ 14 ಮಂದಿ ಊರು ಬಿಟ್ಟರು, 11 ಮಂದಿ ಗುಣವೆಂದು ತಾವೇ ನಿಲ್ಲಿಸಿದರು, 6 ಮಂದಿಯನ್ನು ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಯಿತು, 11 ಮಂದಿ ಪತ್ತೆಯಾಗಿಲ್ಲ. ಹೋಲಿಕೆ ಗುಂಪು ಇರಲಿಲ್ಲ.'

ತಾವೇ ನಿಲ್ಲಿಸಿದ 11 ಮಂದಿಯನ್ನು ಯಶಸ್ಸಿನ ಲೆಕ್ಕಕ್ಕೆ ಸೇರಿಸುವ ಆಸೆ ಬರುತ್ತದೆ. ಅಳೆದಿಲ್ಲ, ಸೇರಿಸಬೇಡಿ.