ಪದಚರ್ಚೆ: ಡಿಶ್ಶಿನ ‘ಎತ್ತರ’ವೋ ‘ಏರುಕೋನ’ವೋ?

ಬಳಗದವರಿಗೆ ನಮಸ್ಕಾರ.

ಕೊಡಗಿನ ತೋಟದ ಮನೆಗಳಿಗೆಂದು ಒಂದು ಕೈಹಾಳೆ ಸಿದ್ಧವಾಗುತ್ತಿದೆ. ಯಾವ ಡಿಟಿಎಚ್ ಹಾಕಿಸಿಕೊಂಡರೆ ಒಳ್ಳೆಯದು, ಗಾಳಿಗೆ ತಿರುಗಿಹೋದ ಡಿಶ್ಶನ್ನು ಮತ್ತೆ ಕೂರಿಸುವುದು ಹೇಗೆ ಎಂಬುದು ವಿಷಯ. ಮೂರು ಕಡೆ ಪದ ಕೈಕೊಡುತ್ತಿದೆ.

ಮೊದಲನೆಯದು ಎಲಿವೇಶನ್, ಅಂದರೆ ಡಿಶ್ಶು ಉಪಗ್ರಹದ ಕಡೆಗೆ ಎಷ್ಟು ಮೇಲಕ್ಕೆ ನೋಡಬೇಕು ಎಂಬ ಕೋನ. ಕರಡಿನಲ್ಲಿ ‘ಡಿಶ್ಶಿನ ಎತ್ತರ 73 ಡಿಗ್ರಿ’ ಎಂದಿದೆ. ಎತ್ತರ ಅಂದೊಡನೆ ಓದುವವರ ಮನಸ್ಸಿಗೆ ಬರುವುದು ಕಂಬದ ಉದ್ದ. ಹತ್ತನೇ ತರಗತಿಯ ಗಣಿತದಲ್ಲಿ ‘ಉನ್ನತ ಕೋನ’ ಇದೆ, ಆದರೆ ಏಣಿಯ ಮೇಲೆ ನಿಂತವರ ಬಾಯಲ್ಲಿ ಅದು ಬರುವ ಮಾತಲ್ಲ. ‘ಏರುಕೋನ’ ನಡೆದೀತೆ? ಅಜಿಮತ್‌ಗೆ (ಡಿಶ್ಶು ಯಾವ ದಿಕ್ಕಿಗೆ ನೋಡಬೇಕು ಎಂಬ ಕೋನಕ್ಕೆ) ಖಗೋಳದವರ ‘ದಿಗಂಶ’ವನ್ನೇ ಇಟ್ಟುಕೊಳ್ಳಬಹುದೆ?

ಎರಡನೆಯದು, ಸೆಟ್ ಟಾಪ್ ಬಾಕ್ಸ್‌ನ ಪರದೆಯಲ್ಲಿ ಕಾಣುವ ಎರಡು ಪಟ್ಟಿಗಳು: ಸ್ಟ್ರೆಂತ್ ಮತ್ತು ಕ್ವಾಲಿಟಿ. ‘ಸಾಮರ್ಥ್ಯ’, ‘ಗುಣಮಟ್ಟ’ ಎಂದು ಬರೆದರೆ ಎರಡೂ ಒಂದೇ ಹೊಗಳಿಕೆಯ ಹಾಗೆ ಕೇಳಿಸುತ್ತವೆ.

ಮೂರನೆಯದು ಪ್ರೊವೈಡರ್. ‘ಸೇವಾ ಪೂರೈಕೆದಾರ’ ಕಚೇರಿಯ ಸುತ್ತೋಲೆಯ ಮಾತು. ಜನ ಕೇಳುವುದು ‘ನಿಮ್ಮದು ಯಾವ ಡಿಶ್ಶು?’ ಎಂದೇ. ಹಾಗೆಯೇ ಬರೆಯೋಣವೆ?

ಉತ್ತರ 1

‘ಏರುಕೋನ’ಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಅದು ನೆಲದಿಂದ ಉಪಗ್ರಹದ ಕಡೆಗೆ ಎತ್ತಿದ ನೋಟದ ಕೋನ, ಡಿಶ್ಶಿನ ತಟ್ಟೆ ಕಣ್ಣಿಗೆ ಎಷ್ಟು ವಾಲಿದಂತೆ ಕಾಣುತ್ತದೆ ಎಂಬುದಲ್ಲ. ಮನೆಗಳಿಗೆ ಬರುವ ಡಿಶ್ಶು ಆಫ್‌ಸೆಟ್ ಬಗೆಯದು. ಮೇಲಿನಿಂದ ಬಂದ ಅಲೆಯನ್ನು ಅದು ಕೆಳಗಿನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ (ಅಲೆಯನ್ನು ಹಿಡಿದು ಕೇಬಲ್ಲಿಗೆ ಕೊಡುವ ಪುಟ್ಟ ಪೆಟ್ಟಿಗೆಗೆ) ಒಗೆಯುತ್ತದೆ. ಹಾಗಾಗಿ ಏರುಕೋನ 73 ಇದ್ದರೂ ತಟ್ಟೆಯ ಮುಖ ಸುಮಾರು 50 ಡಿಗ್ರಿಯನ್ನಷ್ಟೇ ನೋಡುತ್ತಿರುತ್ತದೆ. ಹಿಂಬದಿಯ ಬ್ರಾಕೆಟ್‌ನಲ್ಲಿ ಅಚ್ಚಾದ ಅಳತೆಯಲ್ಲಿ ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಸರಿಹೊಂದಿಸಿರುತ್ತಾರೆ. ಅದನ್ನು ಬಿಟ್ಟು ಫೋನಿನ ಕೋನಮಾಪಕವನ್ನು ತಟ್ಟೆಯ ಬೆನ್ನಿಗೆ ಆನಿಸಿ 73 ತರಲು ಹೋದರೆ ಉಪಗ್ರಹ ಸಿಗುವುದೇ ಇಲ್ಲ. ಕೈಹಾಳೆಯಲ್ಲಿ ‘ಏರುಕೋನ’ದ ಪಕ್ಕದಲ್ಲೇ ‘ತಟ್ಟೆಯ ವಾಲು’ ಎಂಬ ಇನ್ನೊಂದು ಮಾತನ್ನು ಬೇರೆಯಾಗಿ ಇಡಿ.

ನಿಮ್ಮ ಊರಿಗೆ ಈ ಪದ ಬರೀ ಪಾರಿಭಾಷಿಕವಲ್ಲ, ಯಾವುದನ್ನು ಹಾಕಿಸಬೇಕು ಎಂಬ ಆಯ್ಕೆಯೇ ಅದರ ಮೇಲೆ ನಿಂತಿದೆ. ಮಡಿಕೇರಿಯಿಂದ ಲೆಕ್ಕ ಹಾಕಿದರೆ, ಟಾಟಾ ಪ್ಲೇ ಬಳಸುವ 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹ ಸ್ಥಾನಕ್ಕೆ ಏರುಕೋನ ಸುಮಾರು 73, ದಿಗಂಶ 149. ಡಿಡಿ ಫ್ರೀ ಡಿಶ್ ಇರುವ ಜಿಸ್ಯಾಟ್-15, ಅಂದರೆ 93.5 ಡಿಗ್ರಿಗೆ, ಏರುಕೋನ 65, ದಿಗಂಶ 124. ಏರ್‌ಟೆಲ್‌ನ 108.2 ಡಿಗ್ರಿಗೆ ಏರುಕೋನ 50, ದಿಗಂಶ 109. ದಿಗಂಶ ಎಂದರೆ ಉತ್ತರದಿಂದ ಬಲಕ್ಕೆ ಎಣಿಸಿದ ಕೋನ. ಪೂರ್ವ 90, ದಕ್ಷಿಣ 180.

ಈಗ ಡಿಶ್ಶು ನೋಡುವ ದಿಕ್ಕಿಗೆ ಸಿಲ್ವರ್ ಓಕ್ ಸಾಲು ಇದೆ ಎಂದುಕೊಳ್ಳಿ, ಡಿಶ್ಶಿನ ಮಟ್ಟದಿಂದ 15 ಮೀಟರ್ ಮೇಲಕ್ಕೆ. ಏರುಕೋನ 50 ಇದ್ದರೆ ಮರ ಕನಿಷ್ಠ 12.6 ಮೀಟರ್ ದೂರವಿರಬೇಕು. 73 ಇದ್ದರೆ ಸುಮಾರು 4.6 ಮೀಟರ್ ಸಾಕು. ಮರದ ಕೊಂಬೆ ಸವರಿ ಕಪಾತು ಆದ ಹೊಸತರಲ್ಲಿ ಚೆನ್ನಾಗಿ ಬರುತ್ತಿದ್ದ ಚಿತ್ರ ಚಿಗುರು ತುಂಬಿದ ಮೇಲೆ ಒಡೆಯತೊಡಗಿದರೆ ಬಾಕ್ಸ್ ಬದಲಿಸುವ ಮೊದಲು ಆ ದಿಕ್ಕಿನ ಕೊಂಬೆ ನೋಡಬೇಕು. ಒದ್ದೆ ಎಲೆ ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಅಲೆಯನ್ನು ಇನ್ನಷ್ಟು ಹೀರುತ್ತದೆ. ಬಹಳ ಮಂದಿ ಪ್ಯಾಕಿನ ದರವನ್ನಷ್ಟೇ ಹೋಲಿಸುತ್ತಾರೆ. ತೋಟದ ಮನೆಯಲ್ಲಿ ಮೊದಲು ಅಂಗಳದಲ್ಲಿ ನಿಂತು ಆ ಮೂರು ದಿಗಂಶಗಳ ಕಡೆ ಆಕಾಶ ತೆರೆದಿದೆಯೇ ಎಂದು ನೋಡಬೇಕು. ದಿಕ್ಸೂಚಿಯನ್ನು ತಗಡಿನ ಮಾಡಿನ ಹತ್ತಿರ ಹಿಡಿಯಬಾರದು, ಮುಳ್ಳು ತಪ್ಪು ತೋರಿಸುತ್ತದೆ.

‘ದಿಗಂಶ’ ಇರಲಿ. ಆದರೆ ಮೊದಲ ಬಾರಿ ಬಂದಾಗ ‘ದಿಕ್ಕಿನ ಕೋನ’ ಎಂದು ಬಿಡಿಸಿ ಹೇಳಿ.

ಪಟ್ಟಿಗಳ ವಿಷಯಕ್ಕೆ ‘ಬಲ’ ಮತ್ತು ‘ಶುದ್ಧಿ’ ಎಂದು ಸೂಚಿಸುತ್ತೇನೆ. ಬಲದ ಪಟ್ಟಿ ಏನು ಬಂದರೂ ಏರುತ್ತದೆ: ಎಲ್‌ಎನ್‌ಬಿಯ ಸ್ವಂತ ಗದ್ದಲಕ್ಕೆ, ಪಕ್ಕದ ಉಪಗ್ರಹಕ್ಕೆ. ಶುದ್ಧಿಯ ಪಟ್ಟಿ ಏರುವುದು ಬಾಕ್ಸ್‌ಗೆ ತನಗೆ ಬೇಕಾದ ಅಲೆ ಅರ್ಥವಾದಾಗ ಮಾತ್ರ. 60 ಸೆಂಟಿಮೀಟರ್ ಡಿಶ್ಶಿನ ನೋಟದ ಅಗಲ ಸುಮಾರು 3 ಡಿಗ್ರಿ. 93.5ರ ಒಂದು ಬದಿಗೆ 91.5ರಲ್ಲಿ, ಇನ್ನೊಂದು ಬದಿಗೆ 95ರಲ್ಲಿ ಬೇರೆ ಉಪಗ್ರಹಗಳಿವೆ. ತಟ್ಟೆಯ ಅಂಚನ್ನು ಐದು ಮಿಲಿಮೀಟರ್ ಸರಿಸಿದರೆ ನೋಟ ಒಂದು ಡಿಗ್ರಿ ತಿರುಗುತ್ತದೆ. ಬಲ 80 ತೋರಿಸಿ ಶುದ್ಧಿ ಸೊನ್ನೆ ಇದ್ದರೆ ಡಿಶ್ಶು ಪಕ್ಕದ ಉಪಗ್ರಹವನ್ನು ನೋಡುತ್ತಿರಬಹುದು, ಇಲ್ಲವೇ ಬರೀ ಗದ್ದಲವನ್ನು ಹಿಡಿದಿರಬಹುದು ಎಂದು ಅರ್ಥ. ‘ಸಾಮರ್ಥ್ಯ 80’ ಎಂದು ಓದಿದವರು ನಟ್ಟು ಬಿಗಿದು ಕೆಳಗಿಳಿದುಬಿಡುತ್ತಾರೆ, ಅಲ್ಲೇ ಪದ ತಪ್ಪು ಕೆಲಸ ಮಾಡುವುದು. ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ಬಾಕ್ಸ್ ಹಿಡಿಯಲು ಮೂರು ನಾಲ್ಕು ಸೆಕೆಂಡು ಕಾದು, ಶುದ್ಧಿ ಏರಿ ಮತ್ತೆ ಇಳಿಯಲು ಶುರುವಾಗುವ ಎರಡು ಕಡೆಗಳ ನಡುವೆ ನಿಲ್ಲಿಸಬೇಕು. ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೇ ತುಸು ತಿರುಚಿ ಇನ್ನೂ ಏರುತ್ತದೆಯೇ ನೋಡಬೇಕು. ಸ್ಕ್ಯೂ ಎಂಬುದಕ್ಕೆ ‘ತಿರುಚು’ ಎಂದೇ ಬರೆಯಬಹುದು.

ಉತ್ತರ 2

ಮೇಲಿನವರು ‘ಶುದ್ಧಿ’ ಎಂದದ್ದು ಚೆನ್ನಾಗಿದೆ. ‘ಡಿಶ್’ ಬಗ್ಗೆ ಮಾತ್ರ ನನ್ನ ತಕರಾರಿದೆ. ಆ ಒಂದೇ ಮಾತು ತಟ್ಟೆಗೂ ಸಲ್ಲುತ್ತದೆ, ಸೇವೆಗೂ ಸಲ್ಲುತ್ತದೆ. 2003ರಲ್ಲಿ ಶುರುವಾದ ಒಂದು ಕಂಪನಿಯ ಹೆಸರಲ್ಲೂ ಇದೆ, ಪ್ರಸಾರ ಭಾರತಿಯ ಉಚಿತ ಸೇವೆಯ ಹೆಸರಲ್ಲೂ ಇದೆ. ‘ಕಂಪನಿ’ ಎಂದರೆ ಆ ಉಚಿತ ಸೇವೆ ಹೊರಗುಳಿಯುತ್ತದೆ. ಹಾಗಾಗಿ ಸಾಮಾನಿಗೆ ‘ಡಿಶ್ಶು’, ಒದಗಿಸುವವರಿಗೆ ‘ಸೇವೆಯವರು’ ಎನ್ನಿ. ‘ಫ್ರೀ ಡಿಶ್’ ಎಂದು ಬರೆದಲ್ಲಿ ತಿಂಗಳ ಬಾಡಿಗೆಯಷ್ಟೇ ಇಲ್ಲ, ಡಿಶ್ಶು ಮತ್ತು ಬಾಕ್ಸನ್ನು ಕೊಂಡುಕೊಳ್ಳಬೇಕು ಎಂದು ಕೂಡಲೇ ಸೇರಿಸಿ. ಚಂದನ ಅದರಲ್ಲಿ ಸಿಗುತ್ತದೆ, ಹಣ ಕೊಟ್ಟು ನೋಡುವ ಕನ್ನಡ ಚಾನೆಲ್‌ಗಳು ಸಿಗುವುದಿಲ್ಲ.

ಇನ್ನೊಂದು ಪದ ಕೈಹಾಳೆಗೆ ಬೇಕೇ ಬೇಕು, ರೇನ್ ಫೇಡ್. ಕಕ್ಕಡ ತಿಂಗಳ ಜೋರು ಮಳೆ ಬೀಳುವ ಊರಿನಲ್ಲಿ ಅದಿಲ್ಲದೆ ಆಗದು. ‘ಮಳೆಗೆ ಸಿಗ್ನಲ್ ಹೋಗುತ್ತೆ’ ಎನ್ನುವುದು ರೂಢಿ, ಆದರೆ ಸಿಗ್ನಲ್ ಹೋಗುವುದಿಲ್ಲ, ಸೊರಗುತ್ತದೆ. ‘ಮಳೆಸೊರಗು’ ಎನ್ನೋಣ. ಅಲೆ ಸೊರಗುತ್ತಾ ಬಂದರೂ ಬಾಕ್ಸ್ ತಪ್ಪುಗಳನ್ನು ತಿದ್ದಿಕೊಂಡು ಒಂದು ಮಿತಿಯವರೆಗೆ ಚಿತ್ರವನ್ನು ಸರಿಯಾಗಿಯೇ ತೋರಿಸುತ್ತದೆ. ಮಿತಿ ದಾಟಿತೋ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಡುತ್ತದೆ. ಏರುಕೋನ ತಗ್ಗಿದಷ್ಟೂ ಅಲೆ ಮಳೆಯೊಳಗೆ ಹೆಚ್ಚು ದೂರ ಸಾಗಬೇಕು. 73ಕ್ಕಿಂತ 50ರಲ್ಲಿ ಆ ದಾರಿ ಕಾಲು ಭಾಗದಷ್ಟು ಹೆಚ್ಚು ಉದ್ದ. 60ರ ಬದಲು 90 ಸೆಂಟಿಮೀಟರ್ ಡಿಶ್ಶು ಹಾಕಿದರೆ ಸುಮಾರು ಮೂರೂವರೆ ಡೆಸಿಬಲ್‌ನಷ್ಟು ಹೆಚ್ಚು ಬಲ ಸಿಗುತ್ತದೆ, ಸಾಧಾರಣ ಜೋರುಮಳೆಯನ್ನು ಅದು ದಾಟಿಸುತ್ತದೆ. ಬರೀ ಮಂಜಿಗೆ ಚಿತ್ರ ಒಡೆಯುತ್ತಿದ್ದರೆ ಅದು ಮಳೆಸೊರಗಲ್ಲ, ಕೂರಿಸಿದ್ದೇ ಸರಿಯಿಲ್ಲ.

ಮಳೆ ನಿಂತ ಮೇಲೂ ಅರ್ಧ ಚಾನೆಲ್ ಬಂದು ಅರ್ಧ ಬಾರದಿದ್ದರೆ ಅದಕ್ಕೂ ಈ ಪದ ಬಳಸಬೇಡಿ. ಬಾಕ್ಸ್ ಎಲ್‌ಎನ್‌ಬಿಗೆ 13 ವೋಲ್ಟ್ ಕೊಟ್ಟು ನಿಲುವಾಗಿ ಕಂಪಿಸುವ ಅಲೆಯನ್ನೂ 18 ವೋಲ್ಟ್ ಕೊಟ್ಟು ಅಡ್ಡವಾಗಿ ಕಂಪಿಸುವ ಅಲೆಯನ್ನೂ ಆರಿಸಿಕೊಳ್ಳುತ್ತದೆ. ಕೇಬಲ್ಲಿನ ತುದಿಯ ಎಫ್ ಕನೆಕ್ಟರ್‌ನೊಳಗೆ ನೀರು ಇಳಿದು ತಾಮ್ರ ಹಸಿರುಗಟ್ಟಿದರೆ 18 ವೋಲ್ಟ್ ದಾರಿಯಲ್ಲೇ ಇಳಿದುಹೋಗುತ್ತದೆ, ಅಡ್ಡ ಅಲೆಯ ಚಾನೆಲ್‌ಗಳು ಕಾಣೆಯಾಗುತ್ತವೆ. ಹಸಿರಾದ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು. ಕೇಬಲ್ಲನ್ನು ಎಲ್‌ಎನ್‌ಬಿಯ ಕೆಳಗೆ ಒಂದು ಸುತ್ತು ಜೋಲುಬಿಟ್ಟರೆ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಡ್ರಿಪ್ ಲೂಪ್ ಎಂಬ ಇದಕ್ಕೆ ‘ಜೋಲುಸುತ್ತು’ ಎಂದು ಹೆಸರಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಕಡೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದ್ದರೆ ಕೇಳಿ ತಿಳಿಸಿ, ಅದನ್ನೇ ಇಟ್ಟುಕೊಳ್ಳೋಣ.