ಪದಚರ್ಚೆ: ಮರಿಯಮ್ಮನ ಮನೆಗೆ ಹೋಗುವ ಮುಸ್ಲಿಮರು ಅಲ್ಲಿ ‘ಪೂಜಿಸು’ತ್ತಾರೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದ ಬೇಕಾಗಿದೆ.

ಟರ್ಕಿಯ ಎಫೆಸಸ್ ಹತ್ತಿರ ಸೆಲ್ಚುಕ್ ಅಂತ ಊರು. ಅದರ ಪಕ್ಕದ ಬೆಟ್ಟದ ಮೇಲೆ ‘ಮೆರ್ಯೆಮ್ ಅನಾ ಎವಿ’ ಇದೆ, ಅಂದರೆ ತಾಯಿ ಮರಿಯಮ್ಮನ ಮನೆ. ಯೇಸುವಿನ ತಾಯಿ ಕೊನೆಗಾಲದಲ್ಲಿ ಇಲ್ಲೇ ಇದ್ದರು ಎಂದು ನಂಬುವ ಕ್ಯಾಥೊಲಿಕರು ಬರುತ್ತಾರೆ. 1967, 1979, 2006ರಲ್ಲಿ ಮೂವರು ಪೋಪರೂ ಬಂದು ಹೋದರು. ಮುಸ್ಲಿಮರೂ ಬರುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ: ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬರೇ ಹೆಂಗಸು ಮರ್ಯಮ್, 19ನೇ ಸೂರಾಕ್ಕೆ, ಅಂದರೆ ಅಧ್ಯಾಯಕ್ಕೆ, ಅವರದೇ ಹೆಸರು. ಬುಗ್ಗೆಯ ನೀರು ಕುಡಿದು, ಗೋಡೆಗೆ ಬಟ್ಟೆಚೂರೋ ಚೀಟಿಯೋ ಕಟ್ಟಿ ಹೋಗುವವರಲ್ಲಿ ಎರಡೂ ಮತದವರು ಇರುತ್ತಾರೆ.

ಇಂಥ ಜಾಗದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಇಬ್ಬರೂ ಪೂಜಿಸುವ ಸ್ಥಳ’ ಅಂದುಬಿಡುತ್ತೇವೆ. ಇದು ಇಬ್ಬರಿಗೂ ಮಾಡುವ ಅನ್ಯಾಯ ಅಂತ ನನ್ನ ಅನಿಸಿಕೆ. ಮುಸ್ಲಿಮರು ಗೌರವಿಸುವುದು ಮರ್ಯಮರನ್ನು, ಇಬಾದತ್ (ಆರಾಧನೆ) ಮಾತ್ರ ಅಲ್ಲಾಹನಿಗೆ. ಕ್ಯಾಥೊಲಿಕರಿಗೂ ಆರಾಧನೆ ದೇವರಿಗೆ ಮಾತ್ರ, ಮಾತೆಯ ಹತ್ತಿರ ಕೇಳುವುದು ‘ನಮಗಾಗಿ ಪ್ರಾರ್ಥಿಸಿ’ ಅಂತ. ‘ಭೇಟಿ ನೀಡುತ್ತಾರೆ’ ಅಂದರೆ ಮಂತ್ರಿಗಳು ಕಾಲುವೆ ನೋಡಲು ಹೋದ ಹಾಗೆ ಕೇಳಿಸುತ್ತದೆ, ಭಕ್ತಿಯೇ ಹೋಗಿಬಿಡುತ್ತದೆ. ‘ದರ್ಶನ’ ಅಂದ ಕೂಡಲೇ ಮೂರ್ತಿ ಕಣ್ಣ ಮುಂದೆ ಬರುತ್ತದೆ.

ಟರ್ಕಿಯವರಿಗೆ ಈ ಕಷ್ಟವಿಲ್ಲ. ‘ಝಿಯಾರೆತ್’ (ಹೋಗಿ ಕಂಡುಬರುವುದು) ಅಂದರೆ ಯಾರೇ ಹೋದರೂ ಸಲ್ಲುತ್ತದೆ. ನಮ್ಮಲ್ಲೂ ‘ಝಿಯಾರತ್’ ಇದೆ, ಆದರೆ ಅದು ದರ್ಗಾಕ್ಕೆ ಅಂಟಿಕೊಂಡಿದೆ. ‘ಹಜ್’ ಪದದ ಕಥೆ ಇನ್ನೂ ಸೊಗಸು: ಒಟ್ಟೋಮನ್ ಕಾಲದಲ್ಲಿ ಜೆರುಸಲೇಮಿಗೆ ಹೋಗಿಬಂದ ಗ್ರೀಕ್ ಕ್ರೈಸ್ತರೂ ‘ಹಾಜಿ’ ಆಗುತ್ತಿದ್ದರು, ‘ಹಾಜಿದಾಕಿಸ್’ನಂಥ ಮನೆತನದ ಹೆಸರುಗಳಲ್ಲಿ ಅದು ಇವತ್ತಿಗೂ ಉಳಿದಿದೆ. ಕನ್ನಡದಲ್ಲಿ ಮಾತ್ರ ಹಜ್ ಅಂದರೆ ಮೆಕ್ಕಾ ಒಂದೇ.

ನನ್ನ ತಲೆಯಲ್ಲಿರುವುದು ‘ನಡೆದುಕೊಳ್ಳು’. ‘ನಮ್ಮ ಮನೆಯವರು ಆ ದರ್ಗಾಕ್ಕೆ ನಡ್ಕೋತಾರೆ’ ಅಂತೀವಲ್ವಾ, ಅದು. ಯಾವ ಮತದ ಬಾಯಿಗೂ ಒಗ್ಗುವ ಮಾತು. ದೇವರು ಯಾರು, ಸಂತರು ಯಾರು ಎಂಬ ತಕರಾರಿಗೆ ಅದು ಕೈಹಾಕುವುದೇ ಇಲ್ಲ. ಆದರೆ ಅದರಲ್ಲಿ ತಲೆಮಾರಿನ ನಂಟಿದೆ, ವರ್ಷ ವರ್ಷ ಹೋಗುವ ಬಳಕೆ ಇದೆ. ಇಸ್ತಾಂಬುಲ್ ಬಳಿಯ ಬ್ಯುಯುಕ್‌ಅದಾ ದ್ವೀಪದಲ್ಲಿ ಸಂತ ಜಾರ್ಜರ ಮಠವಿದೆ, ಆರ್ಥೊಡಾಕ್ಸ್ ಕ್ರೈಸ್ತರದು. ಏಪ್ರಿಲ್ 23ರಂದು ಸಾವಿರಾರು ಜನ ಆ ಗುಡ್ಡ ಹತ್ತುತ್ತಾರೆ, ಹೆಚ್ಚಿನವರು ಮುಸ್ಲಿಮರು. ದಾರಿಯುದ್ದಕ್ಕೂ ನೂಲಿನ ಉಂಡೆ ಬಿಚ್ಚುತ್ತಾ ಹೋಗುತ್ತಾರೆ, ಮದುವೆಯಾಗಲಿ, ಮಗುವಾಗಲಿ, ಮನೆಯಾಗಲಿ ಅಂತ. ಅದರಲ್ಲಿ ಒಮ್ಮೆ ಮಾತ್ರ ಬಂದವರೂ ಇರುತ್ತಾರೆ. ಅವರೂ ‘ನಡೆದುಕೊಳ್ಳುವವರೇ’? ನನಗೆ ಅಲ್ಲಿ ‘ಹರಕೆ ಹೊರುತ್ತಾರೆ’ ಎನ್ನುವುದೇ ಸರಿ ಅನ್ನಿಸುತ್ತದೆ.

ಬೀದರ್, ಕಲಬುರಗಿ ಕಡೆಯವರು ಹೇಳಿ: ಒಮ್ಮೆ ಹೋಗಿಬಂದವರಿಗೂ ‘ನಡ್ಕೋತಾರೆ’ ಅಂತೀರಾ? ಕರಾವಳಿಯ ಕ್ರೈಸ್ತ ಗೆಳೆಯರೇ, ಮನೆಯಲ್ಲಿ ಕನ್ನಡ ಆಡುವಾಗ ಕಾರ್ಕಳದ ಅತ್ತೂರು ಚರ್ಚಿಗೆ ಬರುವ ಬೇರೆ ಮತದವರ ಬಗ್ಗೆ ನೀವು ಯಾವ ಮಾತು ಬಳಸುತ್ತೀರಿ?